ಹದಿನಾಲ್ಕು ಮನೆಗಳ ಹೇಳಿಕೆ

ಬೀರ ಮಾವಾ,

ಪತ್ರವೆಂದರೆ ಮೊದಲು ಕ್ಷೇಮ ಕೇಳಬೇಕು ಎಂದು ಇಪ್ಪತ್ತೆಂಟು ವರ್ಷ ನಾನೇ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದ್ದೇನೆ. ನಿನ್ನ ಕ್ಷೇಮವನ್ನು ಇನ್ನು ಯಾರ ಹತ್ತಿರ ಕೇಳಲಿ? ನೀನು ಹೋಗಿ ವರ್ಷದ ಮೇಲೆ ಎರಡು ತಿಂಗಳಾಯಿತು. ಇದ್ದಾಗ ಒಂದು ಸಾಲು ಬರೆದವಳಲ್ಲ ನಾನು. ನಿನ್ನ ಕದ್ವಾಡಕ್ಕೂ ನನ್ನ ಮಲ್ಲಾಪುರಕ್ಕೂ ಬಸ್ಸಿರುವಾಗ ಪತ್ರ ಯಾಕೆ ಎಂದುಕೊಂಡಿದ್ದೆ. ಬಸ್ಸನ್ನೂ ಹೆಚ್ಚು ಸಲ ಹತ್ತಲಿಲ್ಲ ಬಿಡು. ಈಗ ಬರೆಯಲು ಕೂತರೆ ಕೈಗೆ ಬರುವುದು ಶಾಲೆಯ ಕನ್ನಡವೇ. ನಿನಗದು ಚೆನ್ನಾಗಿ ಅರ್ಥವಾಗುತ್ತಿತ್ತು. ನಿನ್ನ ಮಾತು ಅರ್ಥವಾಗುವುದಿಲ್ಲ ಎಂದು ನಾಲ್ಕು ಜನರ ಎದುರು ಹೇಳಿದವಳು ನಾನು. ಅದನ್ನು ನೀನು ಕೇಳಿಸಿಕೊಂಡಿದ್ದೆಯಾ ಇಲ್ಲವಾ ಎಂದು ಬಹಳ ದಿನ ಅನುಮಾನದಲ್ಲಿದ್ದೆ. ಈಗ ಅನುಮಾನವಿಲ್ಲ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ನೀನು ನನ್ನನ್ನು ಮೊದಲ ಸಲ ಹೇಳಿಕೆಗೆ ಕರೆದುಕೊಂಡು ಹೋಗಿದ್ದೆ. ಅಪ್ಪ ತೀರಿಕೊಂಡು, ಆಯಿಯೂ ನಾನೂ ಅವಳ ಅಣ್ಣನಾದ ನಿನ್ನ ಮನೆಗೆ ಬಂದ ಮರುವರ್ಷ ಅದು. ಯಾರದೋ ಮದುವೆ, ಯಾರದು ಎಂಬುದು ಮರೆತಿದೆ, ಯಾಕೆಂದರೆ ಯಾರ ಮದುವೆಯಾದರೂ ಹೇಳಿಕೆಗೆ ಹೋಗುವವನು ನೀನೇ. ಕಾಗದ ಅಚ್ಚು ಹಾಕಿಸಿದರೂ ಹಾಕಿಸದಿದ್ದರೂ ನಮ್ಮವರಲ್ಲಿ ಮನೆಮನೆಗೆ ಹೋಗಿ ಬಾಯಲ್ಲಿ ಹೇಳಿ ಕರೆಯಬೇಕು, ಅದೇ ಹೇಳಿಕೆ. ಅಂಗಳದಲ್ಲಿ ನಿಂತು ಹೆಸರು ಹಿಡಿದು ಕೂಗಬೇಕು, ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿಯಬೇಕು, ಎಮ್ಮೆ ಕರು ಹಾಕಿದ್ದರಿಂದ ಹಿಡಿದು ಎಲ್ಲವನ್ನೂ ಕೇಳಿ ಕೊನೆಗೆ ಏಳುವಾಗ ಹೇಳಬೇಕು. ಅವತ್ತು ನಾನು ನಡೆದೂ ನಡೆದೂ ಸುಸ್ತಾಗಿದ್ದರೂ ಬಾಯಿ ತೆರೆದು ನಿನ್ನನ್ನೇ ನೋಡುತ್ತಿದ್ದೆ. ಪಕ್ಕದ ಕೇರಿಯ ಕೊಂಕಣಿ ಮನೆಯಲ್ಲಿ ಅವರು "ಯೋ ಯೋ, ಬಸ್" ಎಂದು ಕರೆದು ಕೂರಿಸುತ್ತಿದ್ದ ಹಾಗೆ ನಿನ್ನ ಬಾಯಿಂದ ಕೊಂಕಣಿ ಹರಿಯಿತು, ಅವರದೇ ಏರಿಳಿತದಲ್ಲಿ. ಅಂಕೋಲೆ ಕಡೆಯ ಮನೆಗಳಿಗೆ ಹೋದಾಗ ನಿನ್ನ ಅಬ್ಬೆಯ ಮಾತು. ಕಾಳಿ ಹೊಳೆಯ ಮೇಲಿನಿಂದ ಬಂದವರ ಮನೆಗಳಲ್ಲಿ ಮೂರನೆಯದೇ ಒಂದು. ಒಬ್ಬನೇ ಮಾವ, ಮನೆಗೊಂದು ಬಾಯಿ. ನೀನು ನಾಟಕ ಮಾಡುತ್ತಿದ್ದೀಯ ಎಂದು ನಾನು ನಕ್ಕಿದ್ದಕ್ಕೆ ನೀನು ಹೇಳಿದ್ದೆ: "ನಾಟ್ಕ ಅಲ್ಲ ತಂಗೀ. ಅವ್ರ ಮನೆ ಹೊಕ್ದ ಮೇಲೆ ಅವ್ರ ಮಾತ್ನಲ್ಲೇ ಹೇಳುದು ಮರ್ಯಾದಿ."

ಒಂದು ಸಂಜೆ ಕಾರವಾರದ ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ನೀನು ನನಗೆ ಆಟ ಕಲಿಸಿದ್ದೆ. ಕಣ್ಣು ಮುಚ್ಚಿಕೊಂಡು ಹಿಂದಿನ ಬೆಂಚಿನವರ ಮಾತು ಕೇಳಿ ಊರು ಹೇಳಬೇಕು. ನಾನು ಹತ್ತಕ್ಕೆ ಒಂದೂ ಸರಿ ಹೇಳಲಿಲ್ಲ. ನೀನು ಮಾತ್ರ, "ಇಂವ ಸದಾಶಿವಗಡದಂವ, ಅಪ್ಪನ ಮನೆ ಗೋವಾ ಕಡೆ," ಎನ್ನುತ್ತಿದ್ದೆ. ಹೋಗಿ ಕೇಳಿಯೂ ಬರುತ್ತಿದ್ದೆ, ನಾಚಿಕೆಯೇ ಇಲ್ಲದವನು! ಕದ್ರಾದ ಮೇಲಿನವರು ಮಾತಿನ ಕೊನೆಯನ್ನು ಯಾಕೆ ಅಷ್ಟು ಉದ್ದ ಎಳೆಯುತ್ತಾರೆ ಎಂಬುದಕ್ಕೂ ನಿನ್ನ ಹತ್ತಿರ ಉತ್ತರವಿತ್ತು. "ಅಲ್ಲಿ ಒಂದ್ಮನೆ ಹೊಳೆ ಈಚೆ, ಒಂದ್ಮನೆ ಹೊಳೆ ಆಚೆ. ಕೂಗಿರೆ ನೀರು ದಾಟಿ ಹೋಗ್ಬೇಕಲ. ಹಂಗಾಗಿ ಉದ್ದ." ಅಂಕೋಲೆ ಕಡೆ ಹುಟ್ಟಿ, ನಿನ್ನಪ್ಪ ಗೇಣಿಗೆ ಭೂಮಿ ಹಿಡಿದನೆಂದು ಆ ಹೊಳೆಯ ಬದಿಯಲ್ಲಿ ಬೆಳೆದು, ಅಣೆಕಟ್ಟಿನ ನೀರು ಗದ್ದೆಗೆ ಬಂದಾಗ ಕದ್ವಾಡದ ಕೊಂಕಣಿಗರ ನಡುವೆ ಬಂದು ಕೂತವನು ನೀನು. ಮುಳುಗಿದ ಆ ಊರಿನ ಮಿಕ್ಕ ಹದಿನಾಲ್ಕು ಮನೆಗಳಿಗೆ ರಸ್ತೆ ಬದಿಯ ಕಾಲನಿಯಲ್ಲಿ ಜಾಗ ಸಿಕ್ಕಿತು. ಅಲ್ಲಿ ಗೋಡೆಗೆ ಗೋಡೆ ತಾಗಿದೆ, ಪಿಸುಗುಟ್ಟಿದರೂ ಪಕ್ಕದ ಮನೆಗೆ ಕೇಳುತ್ತದೆ. ಆದರೂ ಅವರು ಕೂಗಿಯೇ ಮಾತಾಡುತ್ತಾರೆ, ಕೊನೆಯನ್ನು ಎಳೆಯುತ್ತಾರೆ. ನಿನ್ನ ವಿವರಣೆ ನಿಜವೋ ಸುಳ್ಳೋ, ಟೀಚರಾಗಿ ನಾನು ಹೇಳಲಾರೆ. ಆ ಮನೆಗಳು ಇದ್ದ ಜಾಗವನ್ನು ತೋರಿಸಲು ಈಗ ಬೇರೆ ಏನೂ ಇಲ್ಲ ಎಂಬುದು ಮಾತ್ರ ಗೊತ್ತು.

ಧಾರವಾಡದ ಹಾಸ್ಟೆಲಿನಿಂದ ಮೊದಲ ರಜೆಗೆ ಬಂದ ದಿನ ನೆನಪಿದೆಯಾ? ಅಲ್ಲಿ ಹುಡುಗಿಯರು ನನ್ನ ರಾಗವನ್ನು ಅಣಕಿಸಿ ಅಣಕಿಸಿ, ನಾನು ಬಚ್ಚಲಲ್ಲಿ ನಿಂತು ಒಂದೊಂದೇ ಮಾತನ್ನು ಉಜ್ಜಿ ಉಜ್ಜಿ ತೊಳೆದಿದ್ದೆ. ಆರು ತಿಂಗಳಲ್ಲಿ ಪಾಠದ ಪುಸ್ತಕದ ಹಾಗೆ ಮಾತಾಡುತ್ತಿದ್ದೆ. ನೀನು ಗಂಜಿ ಊಟ ಮಾಡುತ್ತಿದ್ದವನು ತಲೆಯೆತ್ತಿ, "ಈಗ ನಿನ್ನ ಮಾತು ಕೇಳಿರೆ ಯಾವ ಊರಂವಳು ಹೇಳಿ ತಿಳೂದೇ ಇಲ್ಲಲೇ," ಎಂದೆ. ನಾನದನ್ನು ಹೊಗಳಿಕೆ ಎಂದುಕೊಂಡೆ ಮಾವಾ. ಹಾಸ್ಟೆಲಿಗೆ ಹೋಗಿ ಗೆಳತಿಯರಿಗೂ ಹೇಳಿಕೊಂಡೆ. ಅದೇ ಮಾತಿನ ಬಲದಿಂದ ಮಲ್ಲಾಪುರದಲ್ಲಿ ಅಣುಸ್ಥಾವರದ ಟೌನ್‌ಶಿಪ್ಪಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಎಲ್ಲೆಲ್ಲಿಂದಲೋ ಬಂದವರ ಮಕ್ಕಳು, ಮನೆಯಲ್ಲಿ ಹತ್ತು ಭಾಷೆ; ಅವರಿಗೆಲ್ಲ ಯಾವ ಊರಿನದೂ ಅಲ್ಲದ ಕನ್ನಡವೇ ಬೇಕಿತ್ತು. ನನಗೂ ಅದೇ ಹಿತವಾಗಿತ್ತು. ನೀನು ಕ್ವಾರ್ಟರ್ಸಿಗೆ ಬಂದು ಅಂಗಳದಿಂದಲೇ "ತಂಗೀ...ಏ" ಎಂದು ಕೂಗಿದಾಗ ಮೇಲಿನ ಮಹಡಿಯವರು ಇಣುಕುತ್ತಿದ್ದರಲ್ಲ, ನಾನು ಬಾಗಿಲಿಗೆ ಓಡಿ ಬರುತ್ತಿದ್ದದ್ದು ಸಂತೋಷಕ್ಕೆ ಎಂದು ನೀನು ತಿಳಿದಿದ್ದೆ. ನಿನ್ನನ್ನು ಬೇಗ ಒಳಗೆ ಕರೆದುಕೊಳ್ಳಲು...

ಸ್ಮಿತಾಳ ನಿಶ್ಚಿತಾರ್ಥದ ದಿನಕ್ಕೆ ಬರುತ್ತೇನೆ. ಬರಲೇಬೇಕು. ನನ್ನ ಮಗಳನ್ನು ಮೆಚ್ಚಿದ ಹುಡುಗ ನಮ್ಮದೇ ಕ್ವಾರ್ಟರ್ಸಿನವನು. ಅವನಪ್ಪ ಸ್ಥಾವರದಲ್ಲಿ ಇಂಜಿನಿಯರು, ಮೈಸೂರು ಕಡೆಯವರು. ಬೀಗರ ಕಡೆಯವರು ಮೆಟ್ಟಿಲು ಹತ್ತಿ ಬರುತ್ತಲೇ ನೀನು ಎದುರು ಹೋಗಿ ನಿಂತು, "ಬಿಸ್ಲಲ್ಲಿ ಬಂದ್ರಿ, ದಣದ್ರಿ ಕಾಣ್ತದೆ. ಎಂತಾ ಕುಡೀತ್ರಿ? ತಂಪು ಮಾಡುಕೆ ಹೇಳ್ಲಾ...ಆ?" ಎಂದೆ. ಬೀಗರ ತಮ್ಮನಿಗೆ ನಗು ತಡೆಯಲಾಗಲಿಲ್ಲ. "ಸಾರ್, ಇನ್ನೊಂದ್ಸಲ ಹೇಳಿ ಸಾರ್. ಹಾಡು ಹೇಳಿದ ಹಾಗಿದೆ." ನೀನು ಅವರಿಗೆ ಇಷ್ಟವಾಯಿತೆಂದು ಇನ್ನೊಂದು ಸಲ ಹೇಳಿದೆ. ಆತ ಅದನ್ನು ಹಾಗೇ ಎಳೆದು ಹೇಳಿ ತೋರಿಸಿದ. "ಇದು ಕನ್ನಡಾನೋ ಕೊಂಕಣಿಯೋ ಮೇಡಂ?" ಎಂದು ನನ್ನನ್ನು ಕೇಳಿದ. ಕೆಟ್ಟ ಜನರಲ್ಲ ಅವರು, ಆಮೇಲೆ ನನಗೆ ಗೊತ್ತಾಯಿತು. ಆದರೆ ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. "ಅವರು ಹಳ್ಳಿಯವರು. ಅವರ ಮಾತು ನಮಗೇ ಅರ್ಧ ಅರ್ಥವಾಗೋದಿಲ್ಲ," ಎಂದೆ. ನೀನು ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ತಟ್ಟೆಯನ್ನು ಮೇಜಿನ ಮೇಲಿಟ್ಟು ಅಡುಗೆಮನೆಗೆ ಹೋದೆ. 

ವಾರದ ನಂತರ ನೀನು ಹೇಳಿಕೆಗೆ ಎಂದು ಹೊಸ ಪಂಚೆ ತೆಗೆದಿಟ್ಟುಕೊಂಡು ಫೋನು ಮಾಡಿದೆ. ಯಾವ ದಿನ ಯಾವ ಕಡೆ ಎಂದು ಲೆಕ್ಕ ಹಾಕಿಯೂ ಆಗಿತ್ತು. ನಾನು ಬೇಡ ಎಂದೆ. ಈ ಬಿಸಿಲಲ್ಲಿ ಯಾಕೆ ಅಲೆಯುತ್ತೀ, ಚಂದದ ಕಾರ್ಡು ಮಾಡಿಸಿದ್ದೇನೆ, ಅಂಚೆಗೆ ಹಾಕುತ್ತೇನೆ, ಫೋನಿದ್ದವರಿಗೆ ಫೋನಿಗೇ ಕಳಿಸುತ್ತೇನೆ ಎಂದೆ. ನಿನ್ನ ಮೊಣಕಾಲಿನ ನೋವನ್ನೂ ನೆಪ ಮಾಡಿದೆ. ನಿಜವಾದ ಕಾರಣ ನಿನಗೂ ಗೊತ್ತಿತ್ತಲ್ಲವಾ? ನೀನು ಹೇಳಿಕೆಗೆ ಹೋದರೆ ಟೌನ್‌ಶಿಪ್ಪಿನ ಮನೆಗಳಿಗೂ ಹೋಗುತ್ತೀ, ಬೀಗರ ನೆಂಟರ ಮನೆಗೂ ಹೋಗುತ್ತೀ, ಅಂಗಳದಲ್ಲಿ ನಿಂತು ಕೂಗುತ್ತೀ. "ಬಾಯಲ್ಲಿ ಹೇಳ್ದಿದ್ರೆ ಬರುದಿಲ್ಲ ತಂಗೀ ಅವ್ರು," ಎಂದೆ ನೀನು, ಒಂದೇ ಸಲ. ಈಗ ಕಾಲ ಬದಲಾಗಿದೆ ಮಾವ ಎಂದು ನಾನು ಪಾಠ ಮಾಡಿದೆ. ನೀನು ಆಯಿತು ಎಂದು ಫೋನಿಟ್ಟೆ.

ಮದುವೆಯ ಬೆಳಿಗ್ಗೆ ನೀನು ಕಲ್ಯಾಣ ಮಂಟಪದ ಗೇಟಿನಲ್ಲಿ ನಿಂತಿದ್ದದ್ದು ನನಗೆ ಮೇಲಿನ ಕಿಟಕಿಯಿಂದ ಕಾಣುತ್ತಿತ್ತು. ಊರಿನ ಮದುವೆಗಳಲ್ಲಿ ಚಪ್ಪರದ ಬಾಯಲ್ಲಿ ನಿಂತು, ನೆಂಟರು ಇನ್ನೂ ಗದ್ದೆಯ ಬದುವಿನ ಮೇಲಿರುವಾಗಲೇ ಹೆಸರು ಹಿಡಿದು ಕೂಗಿ ಕರೆಯುತ್ತಿದ್ದವನು ನೀನು. ಅವತ್ತು ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಹೋಯಿತು. ಹದಿನಾಲ್ಕು ಮನೆಗಳಿಂದ ಒಬ್ಬರೂ ಇಳಿಯಲಿಲ್ಲ. ಅಂಕೋಲೆ ಕಡೆಯಿಂದ ನಾಲ್ಕು ಜನ ಬಂದು ಉಂಡು ಬೇಗ ಎದ್ದರು. ನಮ್ಮ ಕಡೆಯ ಸಾಲುಗಳು ಖಾಲಿ ಬಿದ್ದಿದ್ದವು. "ನಿಮ್ಮ ಕಡೆಯವರು ಇಷ್ಟೇನಾ?" ಎಂದು ಬೀಗರು ನಿನ್ನನ್ನು ಕೇಳಿದಾಗ, ನೀನು ಗದ್ದೆ ಕೆಲಸದ ಹಂಗಾಮು ಎಂದೆ. ವೈಶಾಖದಲ್ಲಿ ಎಂಥ ಗದ್ದೆ ಕೆಲಸ ಮಾವಾ! ಪುಣ್ಯಕ್ಕೆ ಅವರಿಗೆ ಅದು ಗೊತ್ತಿರಲಿಲ್ಲ.

ಅದಾದ ಮೇಲಿನ ನಿನ್ನ ಫೋನುಗಳನ್ನು ನೆನೆಸಿಕೊಂಡರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ. "ಹಲೋ, ನಾನು ಬೀರಪ್ಪ ಮಾತನಾಡುತ್ತಿದ್ದೇನೆ. ಎಲ್ಲರೂ ಚೆನ್ನಾಗಿದ್ದೀರಾ?" ಸಣ್ಣ ಸಣ್ಣ ವಾಕ್ಯ, ಎಳೆತವಿಲ್ಲ, ರಾಗವಿಲ್ಲ, ಕೊಂಕಣಿಯ ಒಂದು ಮಾತಿಲ್ಲ. ಮಾವ ಸುಧಾರಿಸಿದ್ದಾನೆ ಎಂದು ನಾನು ಇವರ ಹತ್ತಿರ ಹೆಮ್ಮೆಯಿಂದ ಹೇಳಿದ್ದೆ. ಇವರು ಕದ್ರಾದ ಡ್ಯೂಟಿ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದವರು ನನ್ನ ಮುಖ ನೋಡಿ, "ಮಾವನಿಗೆ ಹುಷಾರಿಲ್ಲವೇನೋ, ಒಮ್ಮೆ ಹೋಗಿ ಬಾ," ಎಂದರು. ನಾನು ಹೋಗಲಿಲ್ಲ. ಆಮೇಲೆ ಕಾರವಾರದ ಆಸ್ಪತ್ರೆಯ ಆ ಮೂರು ದಿನ. ನೀನು ನರ್ಸಿನ ಹತ್ತಿರ ಕೊಂಕಣಿಯಲ್ಲಿ ತಮಾಷೆ ಮಾಡುತ್ತಿದ್ದೆ. ಪಕ್ಕದ ಮಂಚದ ಅಂಕೋಲೆಯ ಮುದುಕನ ಹತ್ತಿರ ಅವನದೇ ಮಾತಿನಲ್ಲಿ ಮೀನಿನ ಸುದ್ದಿ. ನನ್ನ ಕಡೆ ತಿರುಗಿ, "ನಾನು ಆರಾಮವಾಗಿದ್ದೇನೆ. ನೀನು ಹೊರಡು, ಶಾಲೆಗೆ ತಡವಾಗುತ್ತದೆ," ಎಂದೆ. ನನ್ನೊಬ್ಬಳ ಹತ್ತಿರ ಮಾತ್ರ. ನನ್ನ ಮನೆ ಹೊಕ್ಕವನು ನನ್ನ ಮಾತಿನಲ್ಲೇ ಹೇಳಿದೆ, ಅಷ್ಟೇ ಅಲ್ಲವಾ?

ನಿನ್ನ ಹನ್ನೆರಡನೆಯ ದಿನ ಕಾಲನಿಯವರೆಲ್ಲ ಬಂದಿದ್ದರು. ಸಾವಿಗೆ ಹೇಳಿಕೆ ಬೇಕಿಲ್ಲವಲ್ಲ, ಕಿವಿಗೆ ಬಿದ್ದರೆ ಸಾಕು. ಊಟವಾದ ಮೇಲೆ ತುಳಸಕ್ಕ ನನ್ನ ಹತ್ತಿರ ಬಂದು ಕೂತಳು. ಮುಳುಗಿದ ಊರಿನಲ್ಲಿ ಹೊಳೆಯ ಆಚೆ ದಡದಲ್ಲಿ ನಿಮ್ಮ ಎದುರು ಮನೆಯವಳು, ನಿನ್ನ ಕೂಗಿಗೆ ಮೊದಲು ಓಗೊಡುತ್ತಿದ್ದವಳು. "ನಿನ್ನ ಮಗಳ ಮದ್ವೆಗೆ ಕಾರ್ಡು ಬಂತು, ಬಾಯಿ ಬರ್ಲಿಲ್ಲ. ಹಂಗಾಗಿ ನಾವೂ ಬರ್ಲಿಲ್ಲ," ಎಂದಳು. "ಮದ್ವೆ ಮುಗ್ದು ಹದ್ನೈದು ದಿನಕ್ಕೆ ಬೀರ ಬಂದಿದ್ದ. ಹದ್ನಾಲ್ಕೂ ಮನೆ ಹೊಕ್ದ. ಹೇಳುಕೆ ಮರ್ತೋಯ್ತು, ತಪ್ಪು ನಂದು ಹೇಳಿ ಕೈ ಮುಗ್ದ." ನಲವತ್ತು ವರ್ಷ ಒಂದು ಮನೆ ಬಿಡದವನು ಸ್ವಂತ ಮೊಮ್ಮಗಳ ಮದುವೆಗೆ ಮರೆತನಂತೆ! ಇಂಜಿನಿಯರ ನೆಂಟಸ್ತನ ಸಿಕ್ಕಿ ತಲೆ ತಿರುಗಿದೆ ಎಂದು ಗಂಡಸರು ಆಡಿಕೊಂಡರಂತೆ. ಆಮೇಲಿನ ಎರಡು ಮದುವೆಗಳಿಗೆ ನಿನ್ನನ್ನು ಹೇಳಿಕೆಗೆ ಕಳಿಸುವುದಿರಲಿ, ನಿನ್ನ ಮನೆಗೆ ಹೇಳಿಕೆಯನ್ನೇ ಮಾಡಲಿಲ್ಲವಂತೆ. ತುಳಸಕ್ಕ ಇಷ್ಟು ಹೇಳಿ ನನ್ನ ಮುಖವನ್ನೇ ನೋಡುತ್ತಿದ್ದಳು. ಆಗಲಾದರೂ ಹೇಳಬಹುದಿತ್ತು. ನಾನು ಅವಳ ಮುಂದಿದ್ದ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದೆ.

ಹೋದ ತಿಂಗಳು ಸ್ಮಿತಾ ಹೆತ್ತು ಮನೆಗೆ ಬಂದಳು. ಹೆಣ್ಣು ಮಗು ಮಾವಾ, ನಿನ್ನದೇ ಅಗಲ ಹಣೆ. ತೊಟ್ಟಿಲ ದಿನ ಗೊತ್ತಾಗುತ್ತಲೇ ಸ್ಮಿತಾ ಫೋನಿನಲ್ಲಿ ಚಂದದ ಆಮಂತ್ರಣ ಮಾಡಿ ತೋರಿಸಿದಳು. ಈಗಲೇ ಕಳಿಸಬೇಡ ಎಂದೆ. ಮಾರನೇ ದಿನ ಶಾಲೆಗೆ ರಜೆ ಹಾಕಿ ಕಾಲನಿಗೆ ಹೋದೆ. ಮೊದಲ ಮನೆಯ ಮುಂದೆ ನಿಂತು, "ನಮಸ್ಕಾರ, ಮನೆಯಲ್ಲಿ ಯಾರಾದರೂ ಇದ್ದೀರಾ?" ಎಂದೆ. ಜನಗಣತಿಯವಳೆಂದುಕೊಂಡರೋ ಏನೋ, ಪ್ಲಾಸ್ಟಿಕ್ ಕುರ್ಚಿ ತಂದು ಒರೆಸಿ ಹಾಕಿದರು, ಚಹಾ ತಂದರು, ಯಾರೂ ಹತ್ತಿರ ಕೂರಲಿಲ್ಲ. ಎರಡನೇ ಮನೆಯಲ್ಲೂ ಹಾಗೇ. ಎರಡೂ ಮನೆಯಲ್ಲಿ ಹೇಳಿಕೆ ಮಾಡಿದೆ, ಹೇಳಬೇಕಾದ್ದನ್ನು ಹೇಳಲಿಲ್ಲ. ನಿನ್ನ ವಿಷಯವನ್ನು ನನ್ನ ಕನ್ನಡದಲ್ಲಿ ಹೇಳಿದರೆ ಅದು ಅರ್ಜಿಯ ಹಾಗೆ ಕೇಳಿಸುತ್ತಿತ್ತು. ನಿನ್ನ ಮಾತಿನಲ್ಲಿ ಹೇಳೋಣವೆಂದರೆ ಬಾಯಿ ತಿರುಗಲೊಲ್ಲದು.

ಮೂರನೆಯದು ತುಳಸಕ್ಕನ ಮನೆ. ಅವಳು ಹಿತ್ತಿಲಲ್ಲಿ ಬಸಳೆ ಚಪ್ಪರಕ್ಕೆ ಕೋಲು ಕಟ್ಟುತ್ತಿದ್ದಳು. ನಾನು ಅಂಗಳದಲ್ಲಿ ನಿಂತೆ. "ತುಳಸಕ್ಕಾ..." ಎಂದೆ.  ಬಂದವಳು ಏನಾಯಿತು ಎಂದು ಕೇಳುವ ಮೊದಲೇ, "ಮಾವ ಮರೀಲಿಲ್ವೇ. ನಾನೇ ಹೋಪುದು ಬೇಡ ಹೇಳ್ದೆ. ನಂಗೆ ಅವನ ಮಾತಿಂದ ನಾಚ್ಕೆ ಆಗ್ತಿತ್ತು," ಎಂದೆ. ಎಲ್ಲಿತ್ತೋ ಆ ಮಾತು ಇಷ್ಟು ವರ್ಷ. ತುಳಸಕ್ಕ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಜಗಲಿಯ ಮೇಲೆ ಕೂತಳು.

"ನಂಗೆ ಗೊತ್ತಿತ್ತೇ," ಎಂದಳು.

"ಮಾವ ಹೇಳಿದ್ನಾ?"

"ಅಂವ ಎಂತಕೆ ಹೇಳ್ತ? ಇದೇ ಅಂಗಳ್ದಲ್ಲಿ ನಿತ್ಕಂಡು, 'ನನಗೆ ಮರೆತುಹೋಯಿತು, ದಯವಿಟ್ಟು ಕ್ಷಮಿಸಬೇಕು' ಹೇಳ್ದ. ನಿನ್ನ ಹಾಂಗೇ. ನಮ್ಮನೆ ಅಂಗಳ್ದಲ್ಲಿ ಬೀರ ಹಂಗೆ ಮಾತಾಡ್ದಂವ ಅಲ್ಲ. ಆ ಮಾತು ಯಾರ್ದು, ಅದ್ರ ಜೊತಿಗೆ ಆ ಮರೆವು ಯಾರ್ದು ಹೇಳಿ ನಂಗೆ ಆವಾಗ್ಲೇ ತಿಳೀತು."

ನಾನೂ ಜಗಲಿಯ ತುದಿಯಲ್ಲಿ ಕೂತೆ. ನೀನು ನಲವತ್ತು ವರ್ಷ ಪ್ರತಿ ಮನೆಯಲ್ಲೂ ಅವರ ಮಾತಿನಲ್ಲಿ ಹೇಳಿದವನು, ಆ ಹದಿನಾಲ್ಕು ಮನೆಗಳಲ್ಲಿ ನನ್ನ ಮಾತಿನಲ್ಲಿ ತಪ್ಪೊಪ್ಪಿಕೊಂಡು ಬಂದಿದ್ದೆ. ಬೇಕೆಂದೇ ಮಾಡಿದೆಯಾ? ಅಥವಾ ನಾನು ನಕ್ಕ ದಿನದಿಂದ ನಿನ್ನ ಬಾಯಿಗೆ ಅವರೆದುರು ಕೂಡ ಹಳೆಯದು ಬರಲಿಲ್ಲವಾ? ಎರಡನೆಯದು ನಿಜವಿರಬಹುದು ಎನಿಸಿದಾಗಲೆಲ್ಲ ನಾನು ಇನ್ನೇನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ. "ಗಂಡಸ್ರಿಗೆ ನೀವಾದ್ರೂ ಹೇಳ್ಬೇಕಿತ್ತು ತುಳಸಕ್ಕಾ," ಎಂದೆ. "ನಾನು ಹೇಳಿರೆ ಬೀರನ ಸುಳ್ಳು ಹೊರ್ಗೆ ಬೀಳ್ತಿತ್ತು," ಎಂದಳು. "ನೀ ಬಂದು ಹೇಳ್ತೆ ಹೇಳಿ ಕಾದೆ. ಹನ್ನೆರಡ್ನೇ ದಿವ್ಸ ನಿನ್ನ ಎದ್ರಿಗೇ ಆ ಮಾತು ಎತ್ದೆ. ನೀ ಲೋಟ ತಕಂಡು ಒಳ್ಗೆ ಹೋದೆ." ಬೆಲ್ಲ ನೀರು ತಂದುಕೊಟ್ಟಳು. ಆಮೇಲೆ ನನ್ನ ಜೊತೆ ಎದ್ದು ಬಂದಳು. ಹೇಳದೆ ಬಿಟ್ಟುಬಂದ ಆ ಎರಡು ಮನೆಗಳನ್ನೂ ಸೇರಿಸಿ ಎಲ್ಲ ಅಂಗಳದಲ್ಲೂ ನಿಂತು ಮೊದಲು ನನ್ನ ತಪ್ಪು ಹೇಳಿದೆ, ಆಮೇಲೆ ತೊಟ್ಟಿಲಿಗೆ ಕರೆದೆ.  ಒಬ್ಬ ಅಜ್ಜ, ಬರುತ್ತೇವೋ ಇಲ್ಲವೋ ಈಗ ಹೇಳಲಾರೆವು ಎಂದ. ಹೊರಡುವಾಗ ತುಳಸಕ್ಕ, "ಬರುದಾದ್ರೆ ಹನ್ನೊಂದರ ಬಸ್ಸಿಗೆ. ಗೇಟಲ್ಲಿ ಕೂಗುಕೆ ಯಾರಿದ್ರು?" ಎಂದು ಕೇಳಿದಳು. 

ಇವತ್ತು ತೊಟ್ಟಿಲು. ಈ ಪತ್ರವನ್ನು ಬೆಳಿಗ್ಗೆ ಅರ್ಧ ಬರೆದು ಇಟ್ಟಿದ್ದೆ, ಈಗ ಪಾತ್ರೆಗಳೆಲ್ಲ ಒಳಗೆ ಹೋದ ಮೇಲೆ ಮಿಕ್ಕಿದ್ದನ್ನು ಬರೆಯುತ್ತಿದ್ದೇನೆ. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಕ್ವಾರ್ಟರ್ಸಿನ ಗೇಟಿನ ಹತ್ತಿರ ಹೋಗಿ ನಿಂತೆ. ಬೀಗರೂ ಅವರ ತಮ್ಮನೂ ಯಾರು ಬರುತ್ತಾರೆಂದು ನೋಡಲು ಪಕ್ಕದಲ್ಲೇ ಬಂದು ನಿಂತರು. ಮಹಡಿಯ ಮೇಲೆ ನನ್ನ ಶಾಲೆಯ ಮಕ್ಕಳು. ಬಸ್ಸು ತಿರುವಿನಲ್ಲಿ ನಿಂತಿತು. ಮೊದಲು ಒಂದು ಬುಟ್ಟಿ ಇಳಿಯಿತು, ಆಮೇಲೆ ಬರುತ್ತೇವೋ ಇಲ್ಲವೋ ಎಂದಿದ್ದ ಅಜ್ಜ, ಅವನ ಹಿಂದೆ ಒಬ್ಬೊಬ್ಬರಾಗಿ ಇಡೀ ಕಾಲನಿ. ಅಷ್ಟು ದೂರಕ್ಕೆ ಮಾತು ಮುಟ್ಟಬೇಕಿದ್ದರೆ ಒಂದೇ ದಾರಿ. ನಾನು ಕಣ್ಣು ಮುಚ್ಚಿಕೊಂಡು ಕೂಗಿದೆ ಮಾವಾ, ನಿನ್ನ ಹಾಗೆ, ಹೊಳೆ ದಾಟುವ ಹಾಗೆ. "ತುಳಸಕ್ಕಾ...ಆ, ಬನ್ನಿಯೇ..." ಅಭ್ಯಾಸವಿಲ್ಲದ ಗಂಟಲು, ಅರ್ಧಕ್ಕೆ ಉಸಿರು ಮುಗಿದು ಕೆಮ್ಮು ಬಂತು. ಪಕ್ಕದಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೂ ನನಗೆ ಕೇಳಿಸುತ್ತಿರಲಿಲ್ಲ, ಯಾಕೆಂದರೆ ನಾನು ಬಿಟ್ಟ ಉಳಿದರ್ಧವನ್ನು ಬಸ್ಸಿನ ಬಾಗಿಲಲ್ಲಿ ನಿಂತ ತುಳಸಕ್ಕ ಆ ಕಡೆಯಿಂದ ಎತ್ತಿಕೊಂಡಿದ್ದಳು.

ನಿನ್ನ,
ತಂಗಿ